ಬಿಷಪ್ಪರಿಲ್ಲದವರು ಕಟ್ಟಿದ ಕೆಥೆಡ್ರಲ್

ಮೆದಕ್‌ನ ದೊಡ್ಡ ಚರ್ಚಿಗೆ 2024ರ ಕ್ರಿಸ್‌ಮಸ್ ದಿನ ನೂರು ವರ್ಷ ತುಂಬಿತು. ಹೈದರಾಬಾದಿನಿಂದ ಉತ್ತರಕ್ಕೆ ಹೆಚ್ಚುಕಡಿಮೆ ನೂರು ಕಿಲೋಮೀಟರ್ ದೂರದ ಊರು ಅದು. ಗುಡ್ಡದ ಮೇಲೆ ಕಾಕತೀಯರ ಕಾಲದ ಕೋಟೆ, ಕೆಳಗೆ ಪೇಟೆ, ಸುತ್ತ ಹೊಲಗದ್ದೆ. ಇವೆಲ್ಲದರ ನಡುವೆ 175 ಅಡಿ ಎತ್ತರದ ಗೋಪುರ ಹೊತ್ತ ಕಲ್ಲಿನ ಕಟ್ಟಡವೊಂದು ಮೈಲಿಗಟ್ಟಲೆ ದೂರದಿಂದಲೇ ಕಾಣಿಸುತ್ತದೆ. ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಚರ್ಚು ಯಾಕೆ ಎಂದು ಕೇಳಿದರೆ ಮೆದಕ್‌ನಲ್ಲಿ ಸಿದ್ಧ ಉತ್ತರವಿದೆ: ಬರಗಾಲದಲ್ಲಿ ಜನಕ್ಕೆ ಕೂಲಿ ಸಿಗಲೆಂದು ಪಾಸ್ನೆಟ್ ಎಂಬ ಪಾದ್ರಿ ಕಟ್ಟಿಸಿದ್ದು.

ಉತ್ತರದಲ್ಲಿ ತಪ್ಪಿಲ್ಲ. ಆದರೆ ನನಗೆ ಅದಕ್ಕಿಂತ ದೊಡ್ಡ ಸೋಜಿಗ ಬೇರೆ. ಇದನ್ನು ಕಟ್ಟಿದವರು ಬ್ರಿಟನ್ನಿನ ವೆಸ್ಲಿಯನ್ ಮೆಥೋಡಿಸ್ಟರು. ಬಿಷಪ್ಪರ ಆಸನವಿರುವ ಚರ್ಚಿಗೆ ಮಾತ್ರ ಕೆಥೆಡ್ರಲ್ ಎನ್ನುವುದು ವಾಡಿಕೆ. ವೆಸ್ಲಿಯನ್ನರಲ್ಲಿ ಬಿಷಪ್ಪರೇ ಇರಲಿಲ್ಲ. ಬ್ರಿಟನ್ನಿನ ಮೆಥೋಡಿಸ್ಟರಲ್ಲಿ ಇವತ್ತಿಗೂ ಇಲ್ಲ. ಅಂದಮೇಲೆ 1924ರಲ್ಲಿ ಬಾಗಿಲು ತೆರೆದಾಗ ಇದು ಕೆಥೆಡ್ರಲ್ ಆಗಿರಲೇ ಇಲ್ಲ. ಕೂರುವವರಿಲ್ಲದ ಸಿಂಹಾಸನಕ್ಕೆ ಅರಮನೆ ಕಟ್ಟಿಟ್ಟ ಹಾಗಿತ್ತು. ಕೂರುವವರು ಬಂದದ್ದು 23 ವರ್ಷಗಳ ನಂತರ.

ಮೆಥೋಡಿಸ್ಟರ ಹುಟ್ಟನ್ನು ಬಲ್ಲವರಿಗೆ ಈ ಸೋಜಿಗ ಇನ್ನೂ ಹೆಚ್ಚು. ಜಾನ್ ವೆಸ್ಲಿ ಇಂಗ್ಲೆಂಡಿನ ಅಧಿಕೃತ ಸಭೆಯಲ್ಲೇ ದೀಕ್ಷೆ ಪಡೆದ ಪಾದ್ರಿ. ಹಲವು ಚರ್ಚುಗಳು ಪ್ರಸಂಗವೇದಿಕೆ ಕೊಡಲೊಲ್ಲದೆ ಹೋದಾಗ 1739ರಲ್ಲಿ ಬ್ರಿಸ್ಟಲ್ ಬಳಿಯ ಬಯಲಿನಲ್ಲಿ ನಿಂತು ಗಣಿ ಕೂಲಿಗಳಿಗೆ ಬೋಧಿಸಿದವರು. ಅದೇ ವರ್ಷ ಬ್ರಿಸ್ಟಲ್‌ನಲ್ಲಿ ಅವರು ಕಟ್ಟಿಸಿದ ಮೊದಲ ಸಭಾಗೃಹ ಹೊರಗಿನಿಂದ ನೋಡಿದರೆ ಚರ್ಚೆಂದು ಹೇಳುವಂತಿಲ್ಲ. ಆಮೇಲೆ ತಮ್ಮವರಿಗಾಗಿ ಕಟ್ಟಡದ ನಿಯಮಗಳನ್ನೂ ಬರೆದಿಟ್ಟರು. ಸಭಾಗೃಹ ಸರಳವಾಗಿರಲಿ, ಒಪ್ಪವಾಗಿರಲಿ, ಅನಿವಾರ್ಯವಾದುದಕ್ಕಿಂತ ಒಂದು ಕಾಸೂ ಹೆಚ್ಚು ಬೀಳದಿರಲಿ. ಖರ್ಚು ಏರಿದರೆ ಹಣವಂತರ ಹಂಗಿಗೆ ಬೀಳಬೇಕಾಗುತ್ತದೆ, ಹಂಗಿಗೆ ಬಿದ್ದರೆ ಅವರೇ ನಮ್ಮನ್ನು ಆಳುತ್ತಾರೆ ಎಂಬುದು ವೆಸ್ಲಿಯವರ ಲೆಕ್ಕಾಚಾರ. ಸಾಧ್ಯವಾದ ಕಡೆ ಎಂಟು ಮೂಲೆಯ ಮನೆ ಕಟ್ಟಿ ಎಂದೂ ಹೇಳಿದರು. ಅಂಥ ಮನೆಯಲ್ಲಿ ಪ್ರಸಂಗಿಯ ದನಿ ಎಲ್ಲರಿಗೂ ಚೆನ್ನಾಗಿ ತಲುಪುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. ಇಂಗ್ಲೆಂಡಿನ ಯಾರ್ಮ್ ಮತ್ತು ಹೆಪ್ಟನ್‌ಸ್ಟಾಲ್ ಎಂಬ ಸಣ್ಣ ಊರುಗಳಲ್ಲಿ 1760ರ ದಶಕದ ಎಂಟು ಮೂಲೆಯ ಚಾಪೆಲ್‌ಗಳು ಇನ್ನೂ ನಿಂತಿವೆ. ಮೆದಕ್ ಚರ್ಚನ್ನು ನೋಡಿದವರು ಇವುಗಳ ಚಿತ್ರ ಕಂಡರೆ ಎರಡೂ ಒಂದೇ ಮನೆತನದವು ಎಂದು ನಂಬುವುದು ಕಷ್ಟ.

ಬದಲಾವಣೆ ಒಮ್ಮೆಗೇ ಆದದ್ದಲ್ಲ. 19ನೇ ಶತಮಾನದ ನಡುವಿನ ಹೊತ್ತಿಗೆ ವೆಸ್ಲಿಯನ್ನರ ಕೈಯಲ್ಲೂ ನಾಲ್ಕು ಕಾಸು ಆಡತೊಡಗಿತ್ತು. 1850ರಲ್ಲಿ ಎಫ್. ಜೆ. ಜಾಬ್ಸನ್ ಎಂಬ ಪಾದ್ರಿ ಚಾಪೆಲ್ ವಾಸ್ತುವಿನ ಮೇಲೆ ಪುಸ್ತಕ ಬರೆದು, ಕ್ರೈಸ್ತರಿಗೆ ತಕ್ಕ ಶೈಲಿ ಗಾಥಿಕ್ಕೇ ಎಂದು ವಾದಿಸಿದರು. ಚೂಪು ಕಮಾನು, ಎತ್ತರದ ಕಿಟಕಿ, ಗೋಪುರ ಇವೆಲ್ಲ ನಿಧಾನವಾಗಿ ಮೆಥೋಡಿಸ್ಟರ ಮನೆ ಹೊಕ್ಕವು. ಮೆದಕ್‌ನ ಪಾಸ್ನೆಟ್ ಆ ತಲೆಮಾರಿನ ನಂತರದವರು.

ಚಾರ್ಲ್ಸ್ ವಾಕರ್ ಪಾಸ್ನೆಟ್ 1895ರಲ್ಲಿ ಸಿಕಂದರಾಬಾದಿಗೆ ಬಂದರು. ಮೊದಲ ಕೆಲಸ ತಿರುಮಲಗಿರಿ ದಂಡಿನ ಬ್ರಿಟಿಷ್ ಸಿಪಾಯಿಗಳ ನಡುವೆ. ಅದು ಅವರಿಗೆ ಸಾಕಾಯಿತು. ಹಳ್ಳಿಗಳ ಕಡೆ ಹೊರಟು 1897ರ ಹೊತ್ತಿಗೆ ಮೆದಕ್ ಸೇರಿದರು. ಆಗ ಅಲ್ಲಿಗೆ ರೈಲಿಲ್ಲ, ಬಸ್ಸಿಲ್ಲ. ಹೈದರಾಬಾದಿನಿಂದ ಕುದುರೆಯ ಮೇಲೆ ಒಂದಿಡೀ ದಿನದ ದಾರಿ. ಸುತ್ತಲಿನ ಕ್ರೈಸ್ತರೆಲ್ಲ ಸೇರಿದರೆ ಇನ್ನೂರು ಜನ ಇದ್ದಿರಬಹುದು. ಆರಾಧನೆ ನಡೆಯುತ್ತಿದ್ದದ್ದು ಹುಲ್ಲು ಹೊದಿಸಿದ ಮನೆಯಲ್ಲಿ. ವೆಸ್ಲಿ ಕಂಡಿದ್ದರೆ ಮೆಚ್ಚುತ್ತಿದ್ದರೇನೋ. ಪಾಸ್ನೆಟ್‌ಗೆ ಅದು ಸಲ್ಲಲಿಲ್ಲ. ಕರ್ತನಿಗೆ ಕೊಡುವುದಾದರೆ ತನ್ನ ಕೈಲಾದಷ್ಟರಲ್ಲಿ ಅತ್ಯುತ್ತಮವಾದುದನ್ನೇ ಕೊಡಬೇಕು ಎಂಬುದು ಅವರು ಬದುಕಿಡೀ ಹಿಡಿದಿದ್ದ ಹಟ. ಚರ್ಚಿನ ಕಥೆಯೆಲ್ಲ ಈ ಹಟದಿಂದ ಹುಟ್ಟಿದ್ದು.

ಆದರೂ ಕಲ್ಲು ಇಡುವ ಮೊದಲು ಹದಿನೇಳು ವರ್ಷ ನಡೆದ ಕೆಲಸವನ್ನು ಬಿಟ್ಟು ನೇರ ಗೋಪುರಕ್ಕೆ ಹಾರಿದರೆ ಕಥೆ ಅರ್ಧವಾಗುತ್ತದೆ. ಪಾಸ್ನೆಟ್ ಅವರ ಸೋದರಿ ಎಮಿಲಿ ಮೆದಕ್‌ನಲ್ಲೇ ನಿಂತು ಹೆಂಗಸರ ಆಸ್ಪತ್ರೆಯ ಕೆಲಸಕ್ಕೆ ಹೆಗಲು ಕೊಟ್ಟರು. ಹಳ್ಳಿಗಳಿಗೆ ಹೋಗಿ ಓದು, ಪ್ರಾರ್ಥನೆ ಹೇಳಿಕೊಡುವ ಉಪದೇಶಿಗಳ ತರಬೇತಿ ನಡೆಯಿತು. ಇದೇ ಮಿಷನ್ನಿನ ಇನ್ನೊಂದು ಕವಲಾಗಿ, ಉತ್ತರಕ್ಕೆ ನಿಜಾಮಾಬಾದ್ ಬಳಿಯ ಡಿಚ್‌ಪಲ್ಲಿಯಲ್ಲಿ ಇಸಬೆಲ್ ಕೆರ್ ಎಂಬ ವೈದ್ಯೆ ಮತ್ತು ಅವರ ಗಂಡ ಜಾರ್ಜ್ ಕೆರ್, ಇಲ್ಲಿ ಕಲ್ಲಿಟ್ಟ ಮರುವರ್ಷ 1915ರಲ್ಲಿ, ಕುಷ್ಠರೋಗಿಗಳ ಆಸ್ಪತ್ರೆ ತೆರೆದರು. ಮಿಷನ್ನಿಗೆ ಬಂದು ಸೇರಿದವರಲ್ಲಿ ಬಹುಪಾಲು ಮಾಲ ಮತ್ತು ಮಾದಿಗ ಜನ. ಬರುವಾಗ ಒಬ್ಬೊಬ್ಬರಾಗಿ ಬರಲಿಲ್ಲ; ಕೇರಿಗೆ ಕೇರಿಯೇ ಬಂತು.

ಆ ಜನರ ಅಂದಿನ ಬದುಕು ಗೊತ್ತಿಲ್ಲದೆ ಚರ್ಚಿನ ಕಲ್ಲಿಗೆ ಅರ್ಥವಿಲ್ಲ. ನಿಜಾಮರ ತೆಲಂಗಾಣದಲ್ಲಿ ವೆಟ್ಟಿ ನಡೆಯುತ್ತಿತ್ತು, ನಮ್ಮ ಕಡೆ ಬಿಟ್ಟಿ ಅನ್ನುತ್ತೇವಲ್ಲ ಅದೇ. ದೇಶಮುಖನ ಮನೆಗೆ ಚಪ್ಪಲಿ ಹೊಲಿದು ಕೊಡುವುದು, ಊರಿಗೆ ಬಂದ ಅಧಿಕಾರಿಯ ಗಂಟುಮೂಟೆ ಹೊರುವುದು, ಹೊಲದಲ್ಲಿ ದುಡಿಯುವುದು, ಎಲ್ಲವೂ ಕೂಲಿಯಿಲ್ಲದೆ. ಊರಗುಡಿಯ ಒಳಗೆ ಅವರಿಗೆ ಪ್ರವೇಶವಿಲ್ಲ. ಇಂಥವರಿಗೆ 1914ರಲ್ಲಿ ಕಲ್ಲು ಹೊರುವ, ಮಣ್ಣು ಅಗೆಯುವ, ಗಾರೆ ಕಲಸುವ ಕೆಲಸ ಸಿಕ್ಕಿತು. ದುಡಿದದ್ದಕ್ಕೆ ಪ್ರತಿಫಲವೂ ಸಿಕ್ಕಿತು. ಕಟ್ಟಿದ ಮೇಲೆ ಅದೇ ಕಟ್ಟಡದ ಒಳಗೆ ನಡೆದುಹೋಗಿ ಕೂರುವ ಹಕ್ಕೂ ಅವರದಾಯಿತು. ಬರ ಪರಿಹಾರದ ಮಾತನ್ನು ಎಲ್ಲರೂ ಹೇಳುತ್ತಾರೆ. ಒಳಗೆ ಕೂರುವ ಈ ಹಕ್ಕಿನ ಮಾತನ್ನು ಯಾಕೋ ಯಾರೂ ಒತ್ತಿ ಹೇಳುವುದಿಲ್ಲ.

ಬರದಲ್ಲಿ ದೊಡ್ಡ ಕಟ್ಟಡ ಎತ್ತುವುದು ಪಾಸ್ನೆಟ್ ಕಂಡುಹಿಡಿದ ಉಪಾಯವೇನೂ ಅಲ್ಲ. ಲಖನೌದಲ್ಲಿ 1784ರ ಬರದ ಹೊತ್ತಿಗೆ ನವಾಬ ಆಸಫುದ್ದೌಲಾ ಬಡಾ ಇಮಾಂಬಾಡಾ ಕಟ್ಟಿಸಿದ. ಮೆದಕ್ ಮುಗಿದು ಕೆಲವೇ ವರ್ಷಗಳಲ್ಲಿ ಜೋಧಪುರದ ಉಮೇದ್ ಭವನವೂ ಬರದ ಹೆಸರಿನಲ್ಲೇ ಶುರುವಾಯಿತು. ಇವನ್ನೆಲ್ಲ ನೋಡಿದಾಗ ಒಂದು ತಕರಾರು ಏಳುವುದು ಸಹಜ: ಅಷ್ಟು ಹಣವನ್ನು ಕೆರೆಗೆ, ಕಾಲುವೆಗೆ, ಇಲ್ಲವೇ ನೇರ ಜೋಳಕ್ಕೆ ಹಾಕಬಾರದಿತ್ತೇ? ಮೆದಕ್ ಚರ್ಚಿಗೆ ಆ ಕಾಲದ 14 ಲಕ್ಷ ರೂಪಾಯಿ ಬಿತ್ತು ಎನ್ನುತ್ತಾರೆ. ತಕರಾರು ಸುಳ್ಳಲ್ಲ, ವೆಸ್ಲಿ ಬದುಕಿದ್ದರೆ ಅವರೇ ಮೊದಲು ಎತ್ತುತ್ತಿದ್ದರು. ಆದರೆ ಹಣದ ಹಾದಿಯನ್ನೂ ನೋಡಬೇಕು. ಇಂಗ್ಲೆಂಡಿನ ಭಕ್ತರಿಂದ ಚರ್ಚು ಕಟ್ಟಲೆಂದು ಬರುವ ಹಣ ಕೆರೆ ತೋಡಲೆಂದರೆ ಬರುತ್ತಿತ್ತೇ ಎಂಬುದು ಬೇರೆಯೇ ಪ್ರಶ್ನೆ. ಮಿಷನ್ನುಗಳ ಹುಂಡಿಗೆ ಗೋಪುರದ ಚಿತ್ರ ತೋರಿಸಿದಾಗ ಬಿದ್ದಷ್ಟು ಕಾಸು ಕಾಲುವೆಯ ನಕ್ಷೆ ತೋರಿಸಿದಾಗ ಬಿದ್ದಿರಲಾರದು ಎಂಬುದು ನನ್ನ ಗುಮಾನಿ.

ಕೆಲಸ ನಡೆದ ಹತ್ತು ವರ್ಷ ಸುಖದ ಕಾಲವಾಗಿರಲಿಲ್ಲ. 1914ರ ಆಗಸ್ಟಿನಲ್ಲಿ ಯುರೋಪಿನಲ್ಲಿ ಮಹಾಯುದ್ಧ ಶುರುವಾಗಿ ಹಡಗುಗಳ ಓಡಾಟ ಏರುಪೇರಾಯಿತು. 1918ರಲ್ಲಿ ದೇಶದ ಬಹುಭಾಗಕ್ಕೆ ಮಳೆ ಕೈಕೊಟ್ಟಿತು. ಅದೇ ವರ್ಷ ಇನ್‌ಫ್ಲುಯೆಂಜಾ ಹಳ್ಳಿ ಹಳ್ಳಿ ಹೊಕ್ಕು ಜನರನ್ನು ಎತ್ತಿಕೊಂಡು ಹೋಯಿತು. ಇಷ್ಟೆಲ್ಲದರ ನಡುವೆ ಗೋಡೆ ಏರಿ 1924ರ ಡಿಸೆಂಬರ್ 25ರಂದು ಪ್ರತಿಷ್ಠೆ ನಡೆಯಿತು.

ಇನ್ನು ಕಟ್ಟಡಕ್ಕೆ ಬರೋಣ. ನಕ್ಷೆಯೊಂದಿಗೆ ಎರಡು ಹೆಸರು ಸೇರಿಕೊಂಡಿವೆ: ಇಂಗ್ಲೆಂಡಿನ ಬೋಲ್ಟನ್‌ನ ಬ್ರಾಡ್‌ಶಾ, ಗ್ಯಾಸ್ ಅಂಡ್ ಹೋಪ್ ಸಂಸ್ಥೆ ಮತ್ತು ಥಾಮಸ್ ಎಡ್ವರ್ಡ್ ಹಾರ್ಡಿಂಗ್. ಬೋಲ್ಟನ್‌ನ ಈ ಸಂಸ್ಥೆ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳಲ್ಲಿ ಮೆಥೋಡಿಸ್ಟರಿಗೆ ದೊಡ್ಡ ಸಭಾಂಗಣಗಳನ್ನು ಕಟ್ಟಿಕೊಟ್ಟು ಕೈಪಳಗಿಸಿಕೊಂಡಿತ್ತು. ಸಾವಿರಾರು ಜನರನ್ನು ಒಂದೇ ಸೂರಿನಡಿ ಕೂರಿಸಿ ಒಬ್ಬನ ಮಾತು ಕೇಳಿಸುವುದು ಅವರಿಗೆ ಹೊಸತಲ್ಲ. ಮೆದಕ್‌ನಲ್ಲಿ ಅವರು ತೊಡಿಸಿದ್ದು ಗಾಥಿಕ್ ಉಡುಗೆ. ಶಿಲುಬೆಯಾಕಾರದ ತಳಪಾಯ, 200 ಅಡಿ ಉದ್ದ, 100 ಅಡಿ ಅಗಲ. ಎದುರಿನ ಬಾಗಿಲ ಮೇಲೆ ಗೋಪುರ ಅಂತಸ್ತು ಅಂತಸ್ತಾಗಿ ಕಿರಿದಾಗುತ್ತ ಮೇಲೇರಿ ಚೂಪು ಶಿಖರಗಳಲ್ಲಿ ಕೊನೆಗೊಳ್ಳುತ್ತದೆ. ದೂರದಿಂದ ನೋಡಿದಾಗ ಗೋಪುರವೇ ಇಡೀ ಕಟ್ಟಡ ಅನ್ನಿಸುತ್ತದೆ. ಹಿಂದೆ ಅಷ್ಟು ಉದ್ದದ ಮೈ ಇದೆ ಎಂದು ತಿಳಿಯುವುದು ಪಕ್ಕಕ್ಕೆ ಸರಿದಾಗ.

ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ನೆಲ. ಆರು ಬಣ್ಣದ ಮೊಸಾಯಿಕ್ ಬಿಲ್ಲೆಗಳನ್ನು ಬ್ರಿಟನ್ನಿನಿಂದ ತರಿಸಿ, ಅವನ್ನು ಕೂರಿಸಲು ಇಟಲಿಯ ಕೆಲಸಗಾರರನ್ನು ಕರೆಸಿದ್ದರು. ಬಿಲ್ಲೆ ಬ್ರಿಟನ್ನಿನದು, ಕೈ ಇಟಲಿಯದು, ಕೆಳಗಿನ ಮಣ್ಣು ತೆಲಂಗಾಣದ್ದು. ಕಂಬಗಳು ನುಣುಪಾಗಿ ಕಡೆದ ಬೂದುಬಣ್ಣದ ಕಲ್ಲಿನವು. ಮೇಲಿನ ಗ್ಯಾಲರಿಯ ಭಾರವೂ ಅವುಗಳ ಮೇಲೇ.

ಈ ಚರ್ಚಿನೊಳಗೆ ಐದು ಸಾವಿರ ಜನ ಹಿಡಿಯುತ್ತಾರೆ ಎನ್ನುತ್ತಾರೆ. ಆ ಮಾತನ್ನು ಒಮ್ಮೆ ಲೆಕ್ಕಕ್ಕೆ ಹಚ್ಚಿ ನೋಡಿ. ಉದ್ದ ಅಗಲ ಗುಣಿಸಿದರೆ 20,000 ಚದರ ಅಡಿ. ಗ್ಯಾಲರಿಯನ್ನು ಬಿಟ್ಟರೆ ತಲೆಗೆ ನಾಲ್ಕು ಚದರ ಅಡಿಯಷ್ಟೇ ಬಂತು, ಅದರಲ್ಲೂ ಗೋಡೆ ಕಂಬಗಳ ಪಾಲು ಕಳೆಯಬೇಕು. ಬೆನ್ನು ಒರಗುವ ಬೆಂಚು ಹಾಕಿದರೆ ಇಷ್ಟು ಜನ ಹಿಡಿಯುವುದಿಲ್ಲ. ಮೊಣಕಾಲಿಗೆ ಮೊಣಕಾಲು ತಾಗಿಸಿ ನೆಲದ ಮೇಲೆ ಕೂತರೆ ಮಾತ್ರ ಈ ಲೆಕ್ಕ ಸರಿಹೊಂದುತ್ತದೆ. ಹಳ್ಳಿಯ ಭಜನೆಗೆ, ಹರಿಕಥೆಗೆ ಜನ ಕೂರುವುದು ಹೀಗೆಯೇ. ಹೊರಗಿನ ಉಡುಗೆ ಎಷ್ಟೇ ಇಂಗ್ಲಿಷ್ ಆಗಿರಲಿ, ಒಳಗಿನ ಅಳತೆ ತೆಲುಗು ಹಳ್ಳಿಯದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಛಾವಣಿಯ ವಿಷಯ. ಎತ್ತರದ ಕಮಾನು ಛಾವಣಿಯ ಕಲ್ಲಿನ ಕಟ್ಟಡದಲ್ಲಿ ಮಾತಾಡಿ ನೋಡಿದವರಿಗೆ ಕಷ್ಟ ಗೊತ್ತು. ಒಂದು ಮಾತು ಮುಗಿಯುವ ಮೊದಲೇ ಹಿಂದಿನದು ಮೇಲಿನಿಂದ ವಾಪಸು ಬಂದು ಎರಡೂ ಕಲಸಿಹೋಗುತ್ತವೆ. ಲತೀನಿನಲ್ಲಿ ಮಂತ್ರ ಹಾಡುವ ಪೂಜೆಗೆ ಆ ಅನುರಣನ ಒಂದು ಸೊಗಸು. ಮೆಥೋಡಿಸ್ಟರಿಗಾದರೋ ಪ್ರಸಂಗವೇ ಪ್ರಾಣ, ಪ್ರತಿ ಪದವೂ ಕೊನೆಯ ಸಾಲಿನ ಮುದುಕಿಯ ಕಿವಿಗೆ ಬೀಳಬೇಕು. ಮೆದಕ್‌ನ ಛಾವಣಿಗೆ ಸ್ಪಂಜಿನಂಥ ವಸ್ತು ಬಳಸಿ ಮಾರ್ದನಿಯನ್ನು ಹೀರುವಂತೆ ಮಾಡಿದ್ದಾರೆ. ವೆಸ್ಲಿ ಎಂಟು ಮೂಲೆಯ ಮನೆ ಕಟ್ಟಿ ಎಂದದ್ದು ಯಾತಕ್ಕೋ ಇಲ್ಲಿ ಛಾವಣಿಗೆ ಸ್ಪಂಜು ಹಾಕಿದ್ದೂ ಅದಕ್ಕೇ. ಚಾಪೆಲ್‌ನಿಂದ ಕೆಥೆಡ್ರಲ್‌ಗೆ ಹಾರಿದ ಪಾಸ್ನೆಟ್ ಮೆಥೋಡಿಸ್ಟ್ ಆಗಿ ಉಳಿದದ್ದು ಎಲ್ಲಿ ಎಂದು ಯಾರಾದರೂ ಕೇಳಿದರೆ ನಾನು ಛಾವಣಿಯ ಕಡೆ ಬೆರಳು ತೋರಿಸುತ್ತೇನೆ.

ಗೋಪುರದ ಬಗ್ಗೆ ಊರಲ್ಲಿ ಒಂದು ಕಥೆ ಇದೆ. ನಿಜಾಮರ ರಾಜ್ಯದಲ್ಲಿ ಚಾರ್‌ಮಿನಾರ್‌ಗಿಂತ ಎತ್ತರದ ಕಟ್ಟಡ ಏಳಕೂಡದೆಂಬ ಕಟ್ಟಳೆ ಇತ್ತಂತೆ, ಪಾಸ್ನೆಟ್ ಅದನ್ನು ಮೀರಿದರಂತೆ, ನಿಜಾಮ ಮುನಿದನಂತೆ. ಹೇಳುವವರ ಬಾಯಲ್ಲಿ ಕಥೆಗೆ ಒಂದೊಂದು ಬಾಲ ಅಂಟಿಕೊಳ್ಳುತ್ತದೆ. ತಮಾಷೆಯೆಂದರೆ ಚಾರ್‌ಮಿನಾರ್‌ನ ಎತ್ತರವನ್ನೇ ಕೆಲವರು 160 ಅಡಿ ಎನ್ನುತ್ತಾರೆ, ಕೆಲವರು 184 ಎನ್ನುತ್ತಾರೆ. ಮೊದಲಿನ ಲೆಕ್ಕ ಹಿಡಿದರೆ 175 ಅಡಿಯ ಮೆದಕ್ ಗೋಪುರ ಗೆದ್ದಿತು, ಎರಡನೆಯದರಲ್ಲಿ ಸೋತಿತು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಆಳುತ್ತಿದ್ದ ಕಾಲದಲ್ಲೇ ಹತ್ತು ವರ್ಷ ಗೋಪುರ ಎದ್ದಿತು, ಯಾರೂ ಕೆಡವಲಿಲ್ಲ ಎಂಬುದಷ್ಟೇ ಗಟ್ಟಿ. ಹೀಗೇ ಇನ್ನೊಂದು ಮಾತು ಪ್ರವಾಸಿ ಕೈಪಿಡಿಗಳಲ್ಲಿ, ಪತ್ರಿಕೆಗಳ ಕ್ರಿಸ್‌ಮಸ್ ಪುರವಣಿಗಳಲ್ಲಿ ವರ್ಷವರ್ಷವೂ ಅಚ್ಚಾಗುತ್ತದೆ: ಏಷ್ಯಾದಲ್ಲೇ ದೊಡ್ಡದು, ಜಗತ್ತಿನಲ್ಲಿ ವ್ಯಾಟಿಕನ್ ಬಿಟ್ಟರೆ ಇದೇ. ವ್ಯಾಟಿಕನ್ ರೋಮನ್ ಕ್ಯಾಥೊಲಿಕರದು, ಬರೀ 44 ಹೆಕ್ಟೇರಿನ ರಾಷ್ಟ್ರ. ಮೆದಕ್ ಪ್ರಾಟೆಸ್ಟೆಂಟರದು. ಯಾವುದನ್ನು ಯಾವುದಕ್ಕೆ ತೂಗುತ್ತಿದ್ದಾರೆ ಎಂಬುದೇ ತಿಳಿಯದ ಹೋಲಿಕೆ. ಈ ಚರ್ಚಿಗೆ ಅಂಥ ಊರುಗೋಲು ಬೇಕಾಗಿಯೂ ಇಲ್ಲ.

ಬಣ್ಣದ ಗಾಜಿನ ಕಿಟಕಿಗಳು ಕಟ್ಟಡದ ಜತೆಗೇ ಬಂದವಲ್ಲ. ಮೂರು ದೊಡ್ಡ ಕಿಟಕಿಗಳು, ಮೂರು ಬೇರೆ ಬೇರೆ ಕಾಲ. ಬಲಿಪೀಠದ ಹಿಂದಿನ ಸ್ವರ್ಗಾರೋಹಣದ ಕಿಟಕಿ 1927ರದು. ಶಿಲುಬೆಯ ತೋಳುಗಳಲ್ಲಿರುವ ಎರಡರಲ್ಲಿ ಕ್ರಿಸ್ತನ ಜನನದ್ದು 1947ರದು, ಶಿಲುಬೆಮರಣದ್ದು 1958ರದು. ಹುಟ್ಟು, ಸಾವು, ಆರೋಹಣ ಎಂಬ ಕ್ರಮ ಇಲ್ಲಿ ತಿರುವುಮುರುವಾಯಿತು. ಕ್ರಿಸ್ತ ಮೊದಲು ಸ್ವರ್ಗಕ್ಕೇರಿ, ಇಪ್ಪತ್ತು ವರ್ಷದ ಮೇಲೆ ಹುಟ್ಟಿ, ಮತ್ತೆ ಹನ್ನೊಂದು ವರ್ಷಕ್ಕೆ ಶಿಲುಬೆಗೇರಿದ. ಹಣ ಒದಗಿದಂತೆ ಕೆಲಸ ನಡೆಯುವ ಮಿಷನ್ ಕಟ್ಟಡಗಳಲ್ಲಿ ಹೀಗೆ ಆಗುವುದೇ.

ಇವನ್ನು ಮಾಡಿಕೊಟ್ಟವರು ಲಂಡನ್ನಿನ ಫ್ರ್ಯಾಂಕ್ ಸಾಲಿಸ್‌ಬರಿ. ಚಿತ್ರಕಲೆಯ ಚರಿತ್ರೆಯಲ್ಲಿ ಅವರ ಹೆಸರು ಬರುವುದು ಗಾಜಿಗಾಗಿ ಅಲ್ಲ, ಭಾವಚಿತ್ರಗಳಿಗಾಗಿ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಅಧಿಕೃತ ಭಾವಚಿತ್ರ ಬರೆದವರು, ಚರ್ಚಿಲ್ ಅವರನ್ನೂ ಬರೆದವರು. ಆದರೆ ಹುಡುಗನಾಗಿದ್ದಾಗ ಕೈ ಕಲಿತದ್ದು ಅಣ್ಣನ ಬಣ್ಣದ ಗಾಜಿನ ಕಾರ್ಖಾನೆಯಲ್ಲಿ. ಮೇಲಾಗಿ ಸ್ವತಃ ಮೆಥೋಡಿಸ್ಟರು, ಜಾನ್ ವೆಸ್ಲಿಯವರ ಚಿತ್ರವನ್ನೂ ಬರೆದವರು. ದೊರೆಗಳ ಮುಖ ಬರೆಯುತ್ತಿದ್ದ ಕೈ ಮೆದಕ್‌ನ ಹಳ್ಳಿಗರಿಗಾಗಿ ಗಾಜಿಗೆ ಬಣ್ಣ ಹಚ್ಚಿದ್ದರಲ್ಲಿ ಹಳೆಯ ಕಸುಬಿನ ನಂಟೂ ಇತ್ತು, ಮತದ ನಂಟೂ ಇತ್ತು. ಓದು ಬಾರದವರಿಗೆ ಈ ಕಿಟಕಿಗಳೇ ಸತ್ಯವೇದದ ಹಾಳೆಗಳು. ಕಿವಿಯ ಧರ್ಮವಾಗಿದ್ದ ಮೆಥೋಡಿಸಂ ಇಲ್ಲಿ ಕಣ್ಣಿಗೂ ಪಾಲು ಕೊಟ್ಟಿತು.

ಇಷ್ಟಾದರೂ ಒಂದು ಮಾತನ್ನು ಆಡಲೇಬೇಕು. ಮೆದಕ್‌ನ ಕಲ್ಲಿನಲ್ಲಿ ಊರಿನ ಶಿಲ್ಪಿಗಳ ದುಡಿಮೆ ಇದೆ, ರೂಪದಲ್ಲಿ ಊರಿಲ್ಲ. ಅದೇ ನಿಜಾಮ್ ರಾಜ್ಯದ ಇನ್ನೊಂದು ಮೂಲೆಯಲ್ಲಿ, ಡೋರ್ನಕಲ್‌ನಲ್ಲಿ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ವಿ. ಎಸ್. ಅಜರಯ್ಯ ಅದೇ ವರ್ಷಗಳಲ್ಲಿ ಕೆಥೆಡ್ರಲ್ ಒಂದನ್ನು ಎತ್ತಲು ಹೊರಟರು. ಅದು 1939ರ ಜನವರಿಯಲ್ಲಿ ಮುಗಿಯಿತು. ಅಲ್ಲಿ ಗುಮ್ಮಟ, ಮಿನಾರು ಉಂಟು, ದಕ್ಷಿಣದ ಗುಡಿಯ ಮಂಟಪದಂಥ ಕಂಬಗಳೂ ಉಂಟು. ಇಂಗ್ಲೆಂಡಿನಿಂದ ಬಂದವರು ಇಂಗ್ಲೆಂಡನ್ನು ಕಟ್ಟಿದರು, ತಿರುನೆಲ್ವೇಲಿ ಕಡೆಯಿಂದ ಬಂದವರು ಹೈದರಾಬಾದನ್ನೂ ಗುಡಿಯನ್ನೂ ಸೇರಿಸಿ ಕಟ್ಟಿದರು. ಕಲ್ಪನೆಯಲ್ಲಿ ಡೋರ್ನಕಲ್ ಮುಂದೆ ಎಂಬುದು ನನ್ನ ಅಭಿಪ್ರಾಯ. ಆದರೆ ಜಾತ್ರೆಯ ಹಾಗೆ ಜನ ನುಗ್ಗಿ ಬರುವುದು ಮೆದಕ್‌ಗೆ. ವಾಸ್ತುಪಂಡಿತರು ಒಪ್ಪಿಗೆ ಕೊಡುವವರೆಗೆ ಜನ ಕಾಯುವುದಿಲ್ಲ.

ಬಿಷಪ್ಪರು ಹೇಗೆ ಬಂದರೆಂಬ ಕಥೆ ಬಾಕಿ ಇದೆ. ಆಂಗ್ಲಿಕನ್ನರು, ಮೆಥೋಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಸಭೆಗಳವರು ಒಂದಾಗುವ ಮಾತುಕತೆ ದಕ್ಷಿಣ ಭಾರತದಲ್ಲಿ 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾಗಿ ಸುಮಾರು 28 ವರ್ಷ ಎಳೆಯಿತು. ಗಂಟು ಬಿದ್ದದ್ದು ಹೆಚ್ಚಾಗಿ ಬಿಷಪ್ಪರ ವಿಷಯದಲ್ಲೇ. ಬಿಷಪ್ಪರಿಲ್ಲದೆ ಸಭೆ ಹೇಗೆ ಎಂದು ಒಂದು ಕಡೆ, ಇಷ್ಟು ಕಾಲ ಇಲ್ಲದೆ ನಡೆದಿಲ್ಲವೇ ಎಂದು ಇನ್ನೊಂದು ಕಡೆ. ಕೊನೆಗೆ 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಅಸ್ತಿತ್ವಕ್ಕೆ ಬಂತು. ಮೆಥೋಡಿಸ್ಟರು ಬಿಷಪ್ಪರನ್ನು ಒಪ್ಪಿಕೊಂಡರು. ಮೆದಕ್‌ಗೆ ಪಾಸ್ನೆಟ್ ಅವರ ನಂತರದ ಮಿಷನರಿ ಫ್ರ್ಯಾಂಕ್ ವಿಟೇಕರ್ ಮೊದಲ ಬಿಷಪ್ ಆದರು. 23 ವರ್ಷ ಬರೀ ದೊಡ್ಡ ಚರ್ಚಾಗಿದ್ದದ್ದು ಆಗ ಕೆಥೆಡ್ರಲ್ ಆಯಿತು. ಮಜವೆಂದರೆ ಆ ದಿನ ಮೆದಕ್ ಸ್ವತಂತ್ರ ಭಾರತದೊಳಗೇ ಇರಲಿಲ್ಲ. ನಿಜಾಮರ ರಾಜ್ಯ ಭಾರತದಲ್ಲಿ ಸೇರಿದ್ದು ಮರುವರ್ಷದ ಸೆಪ್ಟೆಂಬರಿನಲ್ಲಿ, ಪೊಲೀಸ್ ಕಾರ್ಯಾಚರಣೆಯ ನಂತರ. ರಾಜ್ಯಗಳ ಗಡಿಗಿಂತ ಸಭೆಗಳ ಗಡಿ ಒಂದು ವರ್ಷ ಮೊದಲೇ ಅಳಿಸಿತ್ತು. ಪಾಸ್ನೆಟ್ 1950ರಲ್ಲಿ ತೀರಿಕೊಂಡರು. ತಮ್ಮ ಚರ್ಚಿಗೆ ಬಿಷಪ್ಪರು ಬಂದುದನ್ನು ತಿಳಿದೇ ಹೋದರು.

ಕನ್ನಡಿಗರಿಗೆ ಈ ಕಥೆ ಅಷ್ಟು ದೂರದ್ದಲ್ಲ. ಇದೇ ವೆಸ್ಲಿಯನ್ ಮಿಷನ್ ಮೈಸೂರು ಸೀಮೆಯಲ್ಲಿ ಇದಕ್ಕೂ ಬಹಳ ಮೊದಲೇ ಬೇರೂರಿತ್ತು. ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ನೆಲೆ ಹೂಡಿದ್ದರು. ಹಳಗನ್ನಡ ಓದುವವರಿಗೆ ಡೇನಿಯಲ್ ಸ್ಯಾಂಡರ್ಸನ್ ಹೆಸರು ಗೊತ್ತು, ಜೈಮಿನಿ ಭಾರತವನ್ನು ಸಂಪಾದಿಸಿ ಅಚ್ಚು ಹಾಕಿಸಿದವರು. ಮೈಸೂರಿನ ವೆಸ್ಲಿ ಪ್ರೆಸ್, ಹೋಲ್ಡ್ಸ್‌ವರ್ತ್ ಆಸ್ಪತ್ರೆ ಎಲ್ಲವೂ ಆ ಮಿಷನ್ನಿನವು. 1947ರಲ್ಲಿ ಮೈಸೂರಿನ ಈ ಮೆಥೋಡಿಸ್ಟರೂ ಸಿಎಸ್‌ಐ ಸೇರಿದರು. ಅಲ್ಲಿನ ಮೊದಲ ಬಿಷಪ್ ಪಿ. ಗುರುಶಾಂತ.

ಬೀದರ, ಕಲಬುರಗಿ, ಕೋಲಾರದ ಕಡೆಯವರು ಇಲ್ಲಿ ಗೊಂದಲಕ್ಕೆ ಬೀಳುವುದುಂಟು. ನಾವೂ ಮೆಥೋಡಿಸ್ಟರೇ, ಆದರೆ ಸಿಎಸ್‌ಐ ಅಲ್ಲವಲ್ಲ ಎಂದು. ಅವರದು ಅಮೆರಿಕದ ಕವಲು. ಆ ಮೆಥೋಡಿಸ್ಟರಲ್ಲಿ ಮೊದಲಿನಿಂದಲೂ ಬಿಷಪ್ಪರಿದ್ದರು. ಅವರು 1947ರ ಕೂಟಕ್ಕೆ ಸೇರಲಿಲ್ಲ. 1981ರಲ್ಲಿ ಭಾರತದ ಮೆಥೋಡಿಸ್ಟ್ ಸಭೆ ಎಂಬ ಸ್ವತಂತ್ರ ಸಂಸ್ಥೆಯಾದರು. ಬಿಷಪ್ಪರಿದ್ದ ಮೆಥೋಡಿಸ್ಟರು ಬೀದರದಲ್ಲಿ ಮೆದಕ್‌ನಂಥದನ್ನು ಎತ್ತಲು ಹೋಗಲಿಲ್ಲ, ಬಿಷಪ್ಪರಿಲ್ಲದವರು ಪಕ್ಕದ ಜಿಲ್ಲೆಯಲ್ಲಿ ಎತ್ತಿ ನಿಲ್ಲಿಸಿದರು. ಪಕ್ಕದ ಜಿಲ್ಲೆ ಎಂದೆ. 1956ರ ರಾಜ್ಯ ವಿಂಗಡಣೆಯ ತನಕ ಜಹೀರಾಬಾದ್, ನಾರಾಯಣಖೇಡ ಕಡೆಯ ಊರುಗಳು ಬೀದರ ಜಿಲ್ಲೆಯವೇ. ಅವು ಮೆದಕ್ ಜಿಲ್ಲೆಗೆ ಹೋದದ್ದು ಆಮೇಲೆ. ಆ ಪಟ್ಟಿಯಲ್ಲಿ ಕನ್ನಡ ಮಾತಾಡುವ ಮನೆಗಳು ಇಂದಿಗೂ ಇವೆ.

ಚರ್ಚು ಎದ್ದ ಮಾತ್ರಕ್ಕೆ ಹಳ್ಳಿಯ ಬದುಕು ಪೂರಾ ಬದಲಾಯಿತೆಂದು ತಿಳಿಯಬೇಕಿಲ್ಲ. ಪಿ. ವೈ. ಲ್ಯೂಕ್ ಮತ್ತು ಜಾನ್ ಕಾರ್ಮನ್ ಎಂಬಿಬ್ಬರು ಈ ಪ್ರಾಂತದ ಹಳ್ಳಿಗಳಲ್ಲಿ ಅಧ್ಯಯನ ಮಾಡಿ 1968ರಲ್ಲಿ ಪ್ರಕಟಿಸಿದ ಪುಸ್ತಕ, ಹಳ್ಳಿಯ ಕ್ರೈಸ್ತರು ಊರಿನ ಹಬ್ಬ, ಗ್ರಾಮದೇವತೆ, ಹರಕೆ, ಮದುವೆ ಶಾಸ್ತ್ರಗಳ ಜತೆ ಹೇಗೆ ಬಾಳುತ್ತಿದ್ದರೆಂದು ಬಿಡಿಸಿಡುತ್ತದೆ. ಶುದ್ಧಿವಾದಿಗಳಿಗೆ ಅದು ಕಸಿವಿಸಿಯ ಓದು. ಆದರೆ ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿದೆ. ಕ್ರಿಸ್‌ಮಸ್ ಮತ್ತು ಶುಭ ಶುಕ್ರವಾರಗಳಂದು ಮೆದಕ್‌ಗೆ ಬರುವ ಜನರಲ್ಲಿ ಕ್ರೈಸ್ತರಲ್ಲದವರು ಬಹಳ. ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬಂದು ಮೇಣದ ಬತ್ತಿ ಹಚ್ಚಿ ಕೈಮುಗಿದು ಹೋಗುತ್ತಾರೆ. ಊರಗುಡಿಯಿಂದ ಹೊರಗಿಟ್ಟವರಿಗಾಗಿ ಎದ್ದ ಕಟ್ಟಡಕ್ಕೆ ಈಗ ಊರೇ ಬರುತ್ತದೆ.

ಶತಮಾನೋತ್ಸವದ ಕ್ರಿಸ್‌ಮಸ್‌ಗೆ ತೆಲಂಗಾಣದ ಮುಖ್ಯಮಂತ್ರಿಗಳು ಬಂದಿದ್ದರು. ಪಾಸ್ನೆಟ್ ಕುದುರೆ ಏರಿ ಬಂದ ಊರಿಗೆ 2022ರಿಂದ ರೈಲೂ ಇದೆ, ಅಕ್ಕನ್ನಪೇಟೆಯಲ್ಲಿ ಕವಲೊಡೆಯುವ ಚಿಕ್ಕ ದಾರಿ. ಹೋಗುವವರಿಗೆ ಒಂದು ಮಾತು. ಹಬ್ಬದ ದಿನ ಹೋದರೆ ಜನ ಕಾಣುತ್ತಾರೆ, ಕಟ್ಟಡ ಕಾಣುವುದಿಲ್ಲ. ವಾರದ ನಡುವೆ ಹೋಗಿ. ಹೊತ್ತು ಮುಳುಗಿದ ಮೇಲೆ ತಲುಪಿದರೆ ಕಿಟಕಿಗಳು ಕರಿ ಹಲಗೆಗಳಂತೆ ನಿಂತಿರುತ್ತವೆ. ಸಾಲಿಸ್‌ಬರಿಯವರ ಬಣ್ಣ ಎದ್ದು ಬರಲು ಹೊರಗಿನ ಬಿಸಿಲೇ ಬೇಕು, ಹಾಗಾಗಿ ಬೀದರದಿಂದ ಹೊರಡುವವರು ಬೆಳಗಿನ ಬಸ್ಸನ್ನೇ ಹಿಡಿಯುವುದು ಒಳ್ಳೆಯದು.